ಎರಡೂ ಗ್ರೂಪ್ ಮುಗಿಸಿ ಫರ್ಮ್ ಹುಡುಕುತ್ತಿರುವವರಿಗೆ

ಆರ್ಟಿಕಲ್‌ಶಿಪ್ ಇಂಟರ್‌ವ್ಯೂಗೆ ಹೊರಟಿರುವ ಸಿ.ಎ. ವಿದ್ಯಾರ್ಥಿ ಮಿತ್ರರೇ,

ಇಂಟರ್ ಫಲಿತಾಂಶ ಬಂದ ಮರುದಿನದಿಂದಲೇ ಆಡಿಟ್ ಫರ್ಮುಗಳ ಮೇಲ್‌ಬಾಕ್ಸ್ ತುಂಬತೊಡಗುತ್ತದೆ. ದಾವಣಗೆರೆಯಿಂದ, ಶಿರಸಿಯಿಂದ, ಕೊಪ್ಪಳದಿಂದ, ಕುಂದಾಪುರದಿಂದ, ಬೆಂಗಳೂರಿನದೇ ಬಸವೇಶ್ವರನಗರದಿಂದ ನೀವು ಕಳಿಸುವ ರೆಸ್ಯೂಮೆಗಳನ್ನು ತೆರೆದು ಓದಿ, ಆಮೇಲೆ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬ. ಬೆಂಗಳೂರಿನ ಮಧ್ಯಮ ಗಾತ್ರದ ಒಂದು ಫರ್ಮಿನಲ್ಲಿ ಪಾರ್ಟ್‌ನರ್. ಇಂಟರ್‌ವ್ಯೂ ಮುಗಿಸಿ ಏಳುವಾಗ ಬಹಳ ಮಂದಿಯ ಮುಖದಲ್ಲಿ ‘ಓದಿದ್ದನ್ನು ಕೇಳಲೇ ಇಲ್ಲವಲ್ಲ’ ಎಂಬ ಬೇಸರ ಕಾಣುತ್ತದೆ. ಆ ಬೇಸರ ನ್ಯಾಯವಾದದ್ದೇ. ನಾವು ಏನನ್ನು ಹುಡುಕುತ್ತೇವೆಂದು ನಿಮಗೆ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳಿಬಿಡೋಣ ಎಂದು ಈ ಪತ್ರ.

ಇಪ್ಪತ್ತು ನಿಮಿಷದ ಮಾತುಕತೆಯಲ್ಲಿ ನಾವು ತೀರ್ಮಾನಿಸಬೇಕಾದ ಸಂಗತಿ ಒಂದೇ: ಬರುವ ಸೋಮವಾರ ನಿಮ್ಮನ್ನು ಕ್ಲೈಂಟ್ ಆಫೀಸಿಗೆ ಕಳಿಸಬಹುದೇ? ಅಲ್ಲಿ ನಿಮ್ಮ ಎದುರು ಇಪ್ಪತ್ತು ವರ್ಷದಿಂದ ಅದೇ ಲೆಕ್ಕ ಬರೆಯುತ್ತಿರುವ ಅಕೌಂಟೆಂಟ್ ಕೂತಿರುತ್ತಾರೆ. ಅವರನ್ನು ನೋಯಿಸದೆ ಕಾಗದ ಕೇಳಿ ಪಡೆಯಬಲ್ಲಿರಾ? ಕೊಟ್ಟ ಕಾಗದವನ್ನು ಕಣ್ಣಿಟ್ಟು ನೋಡುತ್ತೀರಾ, ಸುಮ್ಮನೆ ಟಿಕ್ ಹಾಕುತ್ತೀರಾ? ಅರ್ಥವಾಗದ್ದನ್ನು ಸಂಜೆ ಸೀನಿಯರ್ ಹತ್ತಿರ ಬಂದು ಕೇಳುತ್ತೀರಾ, ಮುಚ್ಚಿಡುತ್ತೀರಾ? ಬುದ್ಧಿ ಇದೆಯೇ ಎಂದು ನಾವು ಪರೀಕ್ಷಿಸಬೇಕಾಗಿಲ್ಲ. ಆರು ಪೇಪರುಗಳಲ್ಲಿ ನಲವತ್ತರ ಗೆರೆಯನ್ನೂ ಒಟ್ಟು ಐವತ್ತು ಶೇಕಡದ ಗೆರೆಯನ್ನೂ ದಾಟಿ ಬಂದವರಿಗೆ ಅದು ಇದ್ದೇ ಇದೆ. ನಮಗೆ ಬೇಕಾದದ್ದು ನಂಬಿ ಕಳಿಸಬಹುದಾದ ಮನುಷ್ಯ.

ಈ ಪ್ರಶ್ನೆ ಈಚೆಗೆ ಇನ್ನೂ ಬಿಗಿಯಾಗಿದೆ. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಮೊದಲು ಒಂದು ಗ್ರೂಪ್ ಮುಗಿಸಿದರೂ ಸೇರಬಹುದಿತ್ತು, ಈಗ ಎರಡೂ ಮುಗಿದಿರಬೇಕು. ಐಸಿಐಟಿಎಸ್‌ಎಸ್ ತರಬೇತಿಯೂ ಆಗಿರಬೇಕು. ವರ್ಷಕ್ಕೆ ಹನ್ನೆರಡೇ ರಜೆ. ಫೈನಲ್ ಪರೀಕ್ಷೆ ತರಬೇತಿ ಮುಗಿದ ಆರು ತಿಂಗಳ ಮೇಲೆ. ಹಿಂದೆ ಮೊದಲ ವರ್ಷವನ್ನು ಕಲಿಯುವುದಕ್ಕೆಂದು ಬಿಟ್ಟು, ಮಿಕ್ಕ ಎರಡು ವರ್ಷ ಕೆಲಸ ತೆಗೆಯುವ ಲೆಕ್ಕಾಚಾರ ಫರ್ಮುಗಳಿಗಿತ್ತು. ಈಗ ಮೂರ್ನಾಲ್ಕು ತಿಂಗಳಲ್ಲಿ ನೀವು ಒಂದು ಕೆಲಸವನ್ನು ಒಬ್ಬರೇ ನಿಭಾಯಿಸಬೇಕು. ಹಾಗಾಗಿ ಪ್ರಶ್ನೆ ಕೇಳುವವರು ಪುಸ್ತಕ ಬಿಟ್ಟು ಕೆಲಸದ ಕಡೆಗೆ ಹೊರಳಿದ್ದಾರೆ.

ಮೊದಲು ರೆಸ್ಯೂಮೆ ಹಿಡಿಯೋಣ. ಅದೂ ಒಂದು ಲೆಕ್ಕಪತ್ರ ಎಂದುಕೊಳ್ಳಿ; ಪ್ರತಿ ಸಾಲಿಗೂ ಹಿಂದೆ ಒಂದು ವೌಚರ್ ಇರಬೇಕು. ಎದುರಿಗೆ ಕೂತವರ ಕಸುಬೇ ವೌಚರ್ ಕೇಳುವುದು. ‘ಅಡ್ವಾನ್ಸ್ಡ್ ಎಕ್ಸೆಲ್’ ಎಂದು ಬರೆದಿದ್ದರೆ ಲ್ಯಾಪ್‌ಟಾಪ್ ತಿರುಗಿಸಿ, ಒಂದು ಶೀಟಿನಲ್ಲಿ ಖರೀದಿಯ ಪಟ್ಟಿ, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲಿನಿಂದ ಇಳಿಸಿದ 2ಬಿ ಪಟ್ಟಿ ಕೊಟ್ಟು, ‘ಯಾವ ಬಿಲ್ ಇದರಲ್ಲಿದೆ, ಅದರಲ್ಲಿಲ್ಲ, ತೆಗೆದುಕೊಡಿ’ ಎನ್ನುತ್ತೇವೆ. ವಿಲುಕಪ್, ಸಮ್‌ಇಫ್ಸ್, ಪಿವೋಟ್ ಈ ಮೂರು ಬಂದರೆ ಸಾಕು, ಕೆಲಸ ನಡೆಯುತ್ತದೆ. ಬಾರದಿದ್ದರೆ ‘ಬೇಸಿಕ್ ಎಕ್ಸೆಲ್’ ಎಂದೇ ಬರೆಯಿರಿ. ಅದಕ್ಕಾಗಿ ಯಾರನ್ನೂ ವಾಪಸ್ ಕಳಿಸಿಲ್ಲ. ಟ್ಯಾಲಿ ವಿಷಯವೂ ಅಷ್ಟೇ. ಅದು 1986ರಲ್ಲಿ ಶುರುವಾದ, ನಮ್ಮ ಬೆಂಗಳೂರಿನದೇ ಕಂಪನಿಯ ಸಾಫ್ಟ್‌ವೇರ್. ನಮ್ಮ ಸಣ್ಣ ಮಧ್ಯಮ ಕ್ಲೈಂಟುಗಳಲ್ಲಿ ಬಹುಪಾಲು ಅದರಲ್ಲೇ ಲೆಕ್ಕ ಬರೆಯುತ್ತಾರೆ. ಒಂದು ತಿಂಗಳು ಸಂಬಂಧಿಕರ ಅಂಗಡಿಯ ಎಂಟ್ರಿ ಹಾಕಿ ನೋಡಿದವರಿಗೂ ಸರ್ಟಿಫಿಕೇಟ್ ಮಾತ್ರ ಇರುವವರಿಗೂ ವ್ಯತ್ಯಾಸ ಎರಡು ಪ್ರಶ್ನೆಯಲ್ಲಿ ತಿಳಿದುಬಿಡುತ್ತದೆ.

‘ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್, ಕ್ವಿಕ್ ಲರ್ನರ್’ ಎಂಬ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. ಅದಕ್ಕೆ ವೌಚರ್ ಎಲ್ಲಿಂದ ತರುತ್ತೀರಿ? ಆ ಜಾಗದಲ್ಲಿ ನೀವು ನಿಜವಾಗಿ ಮಾಡಿದ ಒಂದು ಕೆಲಸ ಹಾಕಿ: ಊರಿನ ಗಣೇಶೋತ್ಸವ ಸಮಿತಿಯ ಜಮಾ ಖರ್ಚು ಬರೆದಿದ್ದೀರಾ, ಹಾಸ್ಟೆಲ್ ಮೆಸ್‌ನ ಲೆಕ್ಕ ನೋಡಿಕೊಂಡಿದ್ದೀರಾ, ಪಿಯುಸಿ ಹುಡುಗರಿಗೆ ಅಕೌಂಟೆನ್ಸಿ ಹೇಳಿಕೊಟ್ಟಿದ್ದೀರಾ. ಹವ್ಯಾಸದ ಜಾಗದಲ್ಲಿ ‘ಓದು’ ಎಂದಿದ್ದರೆ ಕೊನೆಯ ಪುಸ್ತಕ ಯಾವುದು ಎಂದು ಕೇಳುವವರು ಇದ್ದೇ ಇರುತ್ತಾರೆ.

ಅಟೆಂಪ್ಟ್ ವಿಚಾರಕ್ಕೆ ನೀವು ಪಡುವ ಸಂಕೋಚ ನೋಡಿದರೆ ಪಾಪ ಅನಿಸುತ್ತದೆ. ಎರಡನೆಯ ಗ್ರೂಪ್ ಮೂರನೇ ಸಲಕ್ಕೆ ಆಯಿತು ಎಂದರೆ ಆಯಿತು, ಅಷ್ಟೇ. ಮಾರ್ಕ್ಸ್‌ಕಾರ್ಡ್ ನಮ್ಮ ಕೈಗೆ ಹೇಗೂ ಬರುತ್ತದೆ. ದಿನಾಂಕ ಬಿಟ್ಟು ಬರೆಯುವುದು, ಮಧ್ಯದ ವರ್ಷ ಕಾಣದಂತೆ ಸಾಲು ಜೋಡಿಸುವುದು ಮಾಡಿದರೆ ಆಡಿಟರ್ ಕಣ್ಣು ಮೊದಲು ಹೋಗಿ ಬೀಳುವುದೇ ಅಲ್ಲಿಗೆ. ‘ಕಾಸ್ಟಿಂಗ್‌ನಲ್ಲಿ ಎರಡು ಸಲ ನಿಂತಿತು ಸರ್, ಮೂರನೇ ಸಲ ದಿನಾ ಬರೆದು ಅಭ್ಯಾಸ ಮಾಡಿದೆ’ ಎಂದು ಒಬ್ಬರು ಹೇಳಿದರೆ ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಜೊತೆಗೆ ಆ ಮನುಷ್ಯ ನಾಳೆ ಕೆಲಸದಲ್ಲಿ ಎಡವಿದರೂ ಬಂದು ಹೇಳುತ್ತಾನೆ ಎಂಬ ಧೈರ್ಯವೂ ನಮಗೆ ಸಿಗುತ್ತದೆ.

‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬುದು ಎಲ್ಲ ಇಂಟರ್‌ವ್ಯೂಗಳ ಬಾಗಿಲು. ಅಲ್ಲಿ ಹುಟ್ಟೂರು, ತಂದೆ ತಾಯಿ ಉದ್ಯೋಗ, ಎಸ್ಸೆಸ್ಸೆಲ್ಸಿ ಅಂಕ, ಪಿಯುಸಿ ಅಂಕ ಎಂದು ಬಾಯಿಪಾಠ ಒಪ್ಪಿಸುವವರೇ ಹೆಚ್ಚು. ಅದೆಲ್ಲ ರೆಸ್ಯೂಮೆಯಲ್ಲೇ ಇದೆ. ನಿಮ್ಮ ಮನೆಯ ಕಸುಬನ್ನು ಒಂದು ಸಾಲಿನಲ್ಲಿ ಮುಗಿಸಿಬಿಡಬೇಡಿ ಎಂಬುದು ನನ್ನ ವಿನಂತಿ. ಅಲ್ಲಿ ನಿಮಗೆ ಗೊತ್ತಿರುವುದು ಎಷ್ಟು ಬೆಲೆಯದ್ದು ಎಂದು ನಿಮಗೇ ಅಂದಾಜಿಲ್ಲ.

ನಿಮ್ಮ ತಾಯಿ ಹಾಲಿನ ಡೈರಿಗೆ ಹಾಲು ಹಾಕುತ್ತಾರೆ ಎನ್ನೋಣ. ಬೆಳಿಗ್ಗೆ ಸಂಜೆ ಸಂಘದಲ್ಲಿ ಅಳೆದುಕೊಂಡ ಲೀಟರ್ ಎಷ್ಟು, ಯೂನಿಯನ್ನಿಗೆ ಹೋದ ಲೀಟರ್ ಎಷ್ಟು, ಊರಲ್ಲೇ ಮಾರಿದ್ದೆಷ್ಟು, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ದರ ಹೇಗೆ ಕಟ್ಟುತ್ತಾರೆ, ಬಟವಾಡೆಯ ದಿನ ಪಾಸ್‌ಬುಕ್ಕಿನಲ್ಲಿ ಏನು ಬರುತ್ತದೆ ಎಂಬುದು ನಿಮಗೆ ಚಿಕ್ಕಂದಿನಿಂದ ಗೊತ್ತು. ಬಂದ ಸರಕು, ಹೋದ ಸರಕು, ಉಳಿದ ಸರಕು ತಾಳೆಯಾಗಬೇಕು ಎನ್ನುವುದೇ ಕಾರ್ಖಾನೆಯ ಸ್ಟಾಕ್ ಆಡಿಟಿನ ತಿರುಳು. ‘ನಮ್ಮ ಸಂಘದಲ್ಲಿ ಅಳತೆಗೂ ಕಳಿಸಿದ್ದಕ್ಕೂ ವ್ಯತ್ಯಾಸ ಬಂದರೆ ಇಂಥಿಂಥ ಕಡೆ ನೋಡುತ್ತೇನೆ’ ಎಂದು ನೀವು ಹೇಳಿದರೆ, ಇನ್ವೆಂಟರಿ ಸ್ಟ್ಯಾಂಡರ್ಡಿನ ವ್ಯಾಖ್ಯೆ ಒಪ್ಪಿಸಿದವರಿಗಿಂತ ನೀವು ಎರಡು ಹೆಜ್ಜೆ ಮುಂದೆ.

ಬ್ಯಾಂಕ್ ಸಾಲದ ವಿಷಯವೂ ಹಾಗೇ. ಏಪ್ರಿಲ್ ಬಂದರೆ ನಮ್ಮ ಹುಡುಗರು ಬ್ಯಾಂಕ್ ಶಾಖೆಗಳ ಆಡಿಟಿಗೆ ಹೋಗುತ್ತಾರೆ. ಕಂತು ಅಥವಾ ಬಡ್ಡಿ ತೊಂಬತ್ತು ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ ಎಂದು ಎಲ್ಲರೂ ಥಟ್ಟನೆ ಹೇಳುತ್ತೀರಿ. ಬೆಳೆ ಸಾಲಕ್ಕೆ? ಅಲ್ಲಿ ಲೆಕ್ಕ ದಿನದ್ದಲ್ಲ, ಹಂಗಾಮಿನದ್ದು: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು. ಪುಸ್ತಕದಲ್ಲಿ ಒಂದು ಸಾಲಾಗಿ ಓದಿದವರಿಗೆ ಇದು ಮರೆತುಹೋಗುತ್ತದೆ. ಮನೆಯಲ್ಲಿ ರಾಗಿಗೂ ಜೋಳಕ್ಕೂ ಸೊಸೈಟಿ ಸಾಲ ಎತ್ತಿದವರಿಗೆ ಈ ನಿಯಮ ಯಾಕೆ ಹೀಗಿದೆ ಎಂದು ವಿವರಿಸಬೇಕಾಗಿಲ್ಲ. ಬೆಳೆ ಕೈಗೆ ಬಾರದೆ ದುಡ್ಡು ಕಟ್ಟುವುದು ಹೇಗೆ ಎಂದು ಅವರಿಗೆ ಗೊತ್ತು. ಅದನ್ನು ನಾಲ್ಕು ಮಾತಿನಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅಪ್ಪನದು ಕಿರಾಣಿ ಅಂಗಡಿಯೋ, ಹೋಟೆಲೋ, ಪೀಣ್ಯದ ಲೇಥ್ ವರ್ಕ್‌ಶಾಪಿನಲ್ಲಿ ಕೂಲಿಯೋ, ಯಾವುದೇ ಇರಲಿ. ಅಲ್ಲಿ ದುಡ್ಡು ಹೇಗೆ ಒಳಗೆ ಬರುತ್ತದೆ, ಹೇಗೆ ಹೊರಗೆ ಹೋಗುತ್ತದೆ, ಎಲ್ಲಿ ಸೋರಬಹುದು ಎಂದು ಒಂದು ಸಂಜೆ ಕೂತು ಯೋಚಿಸಿ ಬನ್ನಿ.

ಇನ್ನು ಟೆಕ್ನಿಕಲ್ ಪ್ರಶ್ನೆಗಳು. ಹಿಂದಿನ ರಾತ್ರಿ ಎಲ್ಲ ಸ್ಟ್ಯಾಂಡರ್ಡುಗಳ ನಂಬರು ಉರುಹೊಡೆಯುವುದರಿಂದ ಫಲವಿಲ್ಲ. ಆದರೆ ಕೆಲವು ಇವೆ, ಅವು ಗೊತ್ತಿಲ್ಲದಿದ್ದರೆ ಕೆಲಸಕ್ಕೆ ಇಳಿಯಲು ಆಗುವುದಿಲ್ಲ. ಎಸ್‌ಎ 230 ಎಂಬ ದಾಖಲಾತಿಯ ನಿಯಮ, 240 ಎಂಬ ವಂಚನೆಯ ನಿಯಮ, 315 ಎಂಬ ರಿಸ್ಕ್, 320 ಎಂಬ ಮೆಟೀರಿಯಾಲಿಟಿ, 500 ಎಂಬ ಸಾಕ್ಷ್ಯ, 505 ಎಂಬ ಹೊರಗಿನವರ ದೃಢೀಕರಣ, 570 ಎಂಬ ಗೋಯಿಂಗ್ ಕನ್ಸರ್ನ್. ಕ್ಯಾರೋ 2020ರ ಇಪ್ಪತ್ತೊಂದು ಕಲಮುಗಳಲ್ಲಿ ಸ್ಥಿರಾಸ್ತಿ, ಸ್ಟಾಕ್, ಸಾಲ, ಶಾಸನಬದ್ಧ ಬಾಕಿಗಳು. ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ. ಟಿಡಿಎಸ್‌ನಲ್ಲಿ ಯಾವ ಪಾವತಿಗೆ ಎಷ್ಟು, ಕಟ್ಟುವ ಗಡುವು ಎಂದು. ಆದಾಯ ತೆರಿಗೆಗೆ 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ‘ಪ್ರೀವಿಯಸ್ ಇಯರ್’, ‘ಅಸೆಸ್‌ಮೆಂಟ್ ಇಯರ್’ ಎರಡೂ ಹೋಗಿ ‘ಟ್ಯಾಕ್ಸ್ ಇಯರ್’ ಒಂದೇ ಉಳಿದಿದೆ. ಸೆಕ್ಷನ್ ನಂಬರುಗಳು ಬದಲಾದ ಈ ಹೊತ್ತಿನಲ್ಲಿ ಹಳೆಯ ನಂಬರನ್ನಷ್ಟೇ ನೆಚ್ಚಿಕೊಂಡವರು ತಡವರಿಸುತ್ತಾರೆ, ನಿಯಮದ ಹಿಂದಿನ ಕಾರಣ ತಿಳಿದವರು ದಾಟಿಕೊಳ್ಳುತ್ತಾರೆ.

ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ‘ಯಾಕೆ’ ಮತ್ತು ಒಂದೊಂದು ‘ಹೇಗೆ’ ಸಿದ್ಧಮಾಡಿಕೊಳ್ಳಿ. 505ನ್ನೇ ತೆಗೆದುಕೊಳ್ಳಿ. ಬ್ಯಾಂಕ್ ಶಿಲ್ಕಿಗೆ ಕ್ಲೈಂಟ್ ಕೊಟ್ಟ ಸ್ಟೇಟ್‌ಮೆಂಟ್ ಇದ್ದೇ ಇರುತ್ತದಲ್ಲ, ಮತ್ತೆ ಬ್ಯಾಂಕಿಗೆ ಬರೆದು ಕೇಳುವುದು ಯಾಕೆ? 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರವೇ ಇದಕ್ಕೆ ಉತ್ತರ. ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಅವರು ಅದರಲ್ಲಿ ಒಪ್ಪಿಕೊಂಡಿದ್ದರು. ಅದಕ್ಕೇ ಪತ್ರ ಕಳಿಸುವುದೂ ಉತ್ತರ ತರಿಸಿಕೊಳ್ಳುವುದೂ ಆಡಿಟರ್ ಹಿಡಿತದಲ್ಲೇ ಇರಬೇಕು. ‘ಕೊಡಿ, ನಮ್ಮ ಹುಡುಗ ಬ್ಯಾಂಕಿಗೆ ಹೋಗಿ ಸೀಲ್ ಹಾಕಿಸಿಕೊಂಡು ಬರ್ತಾನೆ’ ಎಂದು ಕ್ಲೈಂಟಿನ ಅಕೌಂಟೆಂಟ್ ಎಷ್ಟೇ ಪ್ರೀತಿಯಿಂದ ಹೇಳಿದರೂ ಒಪ್ಪುವಂತಿಲ್ಲ. ಇಷ್ಟನ್ನು ನೀವು ಹೇಳಬಲ್ಲಿರಾದರೆ ಪ್ಯಾರಾ ನಂಬರು ಯಾರಿಗೆ ಬೇಕು?

ನನಗೆ ಪ್ರಿಯವಾದ ಪ್ರಶ್ನೆಯೊಂದಿದೆ, ಗುಟ್ಟೇನಲ್ಲ, ಹೇಳಿಬಿಡುತ್ತೇನೆ. 1,18,000 ರೂಪಾಯಿಯ ಒಂದು ಖರೀದಿ ಬಿಲ್ ಮುಂದಿಟ್ಟು, ‘ಏನೇನು ನೋಡ್ತೀರಿ?’ ಎಂದು ಕೇಳುತ್ತೇನೆ. ಕೆಲವರು ಮೊತ್ತ ನೋಡಿ, ಸಹಿ ನೋಡಿ ಕೆಳಗಿಡುತ್ತಾರೆ. ಇನ್ನು ಕೆಲವರು ನಿಧಾನಕ್ಕೆ ಬಿಚ್ಚುತ್ತಾ ಹೋಗುತ್ತಾರೆ. ಬಿಲ್ ನಮ್ಮ ಕ್ಲೈಂಟ್ ಹೆಸರಿನಲ್ಲೇ ಇದೆಯೇ, ಮಾಲೀಕರ ಮನೆ ವಿಳಾಸಕ್ಕಿದೆಯೇ? ದಿನಾಂಕ ಈ ವರ್ಷದ್ದೇ, ಏಪ್ರಿಲ್‌ನದನ್ನು ಮಾರ್ಚಿಗೆ ತಂದಿದ್ದಾರೆಯೇ? ಸರಕಿನ ಬೆಲೆ ಒಂದು ಲಕ್ಷ, ತೆರಿಗೆ ಹದಿನೆಂಟು ಸಾವಿರ, ಸರಿ; ಮಾರಿದವರ ಜಿಎಸ್‌ಟಿ ನಂಬರು 29ರಿಂದ ಶುರುವಾದರೆ ಅವರು ಕರ್ನಾಟಕದವರು, ನಮ್ಮ ಕ್ಲೈಂಟೂ ಇಲ್ಲಿಯವರೇ, ಹಾಗಿದ್ದಮೇಲೆ ಒಂಬತ್ತು ಒಂಬತ್ತಾಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಇರಬೇಕು, ಐಜಿಎಸ್‌ಟಿ ಯಾಕಿದೆ? ಸರಕು ಗೋಡೌನಿಗೆ ಬಂದಿದ್ದಕ್ಕೆ ಚೀಟಿ ಎಲ್ಲಿ? ಆರ್ಡರ್ ಕೊಟ್ಟವರು ಯಾರು, ದರ ಒಪ್ಪಿದವರು ಯಾರು? ಇದು ಖರ್ಚೋ, ವರ್ಷಗಟ್ಟಲೆ ಬಾಳುವ ಯಂತ್ರವೋ? 2ಬಿಯಲ್ಲಿ ಬಂದಿದೆಯೇ? ಮಾರಿದವರು ಎಂಎಸ್‌ಎಂಇ ನೋಂದಣಿ ಇರುವ ಸಣ್ಣ ಉದ್ಯಮವಾದರೆ, ಹದಿನೈದು ದಿನ ಅಥವಾ ಒಪ್ಪಂದವಿದ್ದರೆ ಹೆಚ್ಚೆಂದರೆ ನಲವತ್ತೈದು ದಿನದಲ್ಲಿ ದುಡ್ಡು ಕೊಟ್ಟಿದ್ದಾರೆಯೇ?

ಒಂದು ಬಿಲ್ಲಿನ ಮೇಲೆ ಇಷ್ಟೂ ಬರೆದಿದೆ. ಇವೆಲ್ಲವನ್ನೂ ಹೇಳಬೇಕೆಂದು ನಾನು ನಿರೀಕ್ಷಿಸುವುದಿಲ್ಲ. ನಾಲ್ಕೈದು ಹೇಳಿ, ಒಂದರ ಹಿಂದೆ ಒಂದು ಯಾಕೆ ಬರುತ್ತದೆಂದು ಕಾಣಿಸಿದರೆ ಸಾಕು. ಮನೆಯಲ್ಲಿರುವ ಬಿಲ್ಲುಗಳನ್ನು ಹರವಿಕೊಂಡು ಹೀಗೆ ಓದಿ ನೋಡಿ: ಕರೆಂಟ್ ಬಿಲ್, ರಸಗೊಬ್ಬರದ ಬಿಲ್, ಮೊಬೈಲ್ ಕೊಂಡ ಬಿಲ್. ಯಾವ ಕೋಚಿಂಗ್ ಕ್ಲಾಸಿಗೂ ಕಡಿಮೆಯಿಲ್ಲದ ತಯಾರಿ ಅದು, ಖರ್ಚೂ ಇಲ್ಲ.

ಉತ್ತರ ಗೊತ್ತಿಲ್ಲದಾಗ ಏನು ಮಾಡಬೇಕು? ಗೊತ್ತಿಲ್ಲ ಎನ್ನಬೇಕು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ದರ ನೆನಪಿಲ್ಲ ಮೇಡಂ, ಆದರೆ ಇದು ಕಾಂಟ್ರಾಕ್ಟೋ ಪ್ರೊಫೆಷನಲ್ ಫೀಸೋ ಎಂದು ಮೊದಲು ತೀರ್ಮಾನಿಸಬೇಕು, ಒಪ್ಪಂದ ಪತ್ರ ನೋಡಿ ಹೇಳ್ತೀನಿ’ ಎಂದರೆ ಅದು ಗೊತ್ತಿರುವ ಮನುಷ್ಯನ ಗೊತ್ತಿಲ್ಲ. ಊಹಿಸಿ ಧೈರ್ಯವಾಗಿ ತಪ್ಪು ಹೇಳುವ ಹುಡುಗರಿಗೆ ನಾನು ಹೆದರುತ್ತೇನೆ. ನಾಳೆ ಇದೇ ಧೈರ್ಯದಲ್ಲಿ ಕ್ಲೈಂಟಿಗೆ ಏನೋ ಹೇಳಿ ಬಂದರೆ, ಅವರು ಅದನ್ನು ನಂಬಿ ಎರಡು ವರ್ಷ ತೆರಿಗೆ ಕಡಿಮೆ ಕಟ್ಟಿದರೆ, ನೋಟಿಸ್ ಬಂದ ದಿನ ಉತ್ತರ ಕೊಡಬೇಕಾದವರು ಸಹಿ ಹಾಕಿದ ನಾವು.

ಇಂಗ್ಲಿಷಿನ ಮಾತು ಬರದೆ ಈ ಪತ್ರ ಮುಗಿಯದು. ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಧ ಶಕ್ತಿಯನ್ನು ಈ ಹೆದರಿಕೆಗೇ ಸುರಿಯುತ್ತೀರಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಇಂಗ್ಲಿಷ್ ಬೇಕು. ವರದಿ, ಮೇಲ್, ವರ್ಕಿಂಗ್ ಪೇಪರ್ ಎಲ್ಲ ಅದರಲ್ಲೇ. ದೊಡ್ಡ ಫರ್ಮುಗಳಲ್ಲಂತೂ ಮೊದಲು ಎಚ್‌ಆರ್ ಜೊತೆ ಮಾತು, ಕೆಲವು ಕಡೆ ಆನ್‌ಲೈನ್ ಟೆಸ್ಟ್ ಅಥವಾ ಗ್ರೂಪ್ ಡಿಸ್ಕಶನ್, ಆಮೇಲೆ ಮ್ಯಾನೇಜರ್, ಕೊನೆಗೆ ಪಾರ್ಟ್‌ನರ್; ಇವೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ. ಆದರೆ ಬೇಕಾಗಿರುವುದು ಸರಾಗ ಇಂಗ್ಲಿಷಲ್ಲ, ಸ್ಪಷ್ಟ ಇಂಗ್ಲಿಷ್. ಒಂದು ವಿಷಯವನ್ನು ಮೊದಲು ಮನೆಯಲ್ಲಿ ಅಕ್ಕನಿಗೋ ಅಮ್ಮನಿಗೋ ಕನ್ನಡದಲ್ಲಿ ಅರ್ಥವಾಗುವಂತೆ ಹೇಳಿ. ಅವರಿಗೆ ಅರ್ಥವಾಯಿತೆಂದರೆ ನಿಮಗೂ ಅರ್ಥವಾಗಿದೆ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಎಲ್ಲಿ ತೊದಲುತ್ತೀರೋ ಅಲ್ಲಿ ಬಹುತೇಕ ವಿಷಯವೇ ಸರಿಯಾಗಿ ತಿಳಿದಿರುವುದಿಲ್ಲ.

ಹಾಗೆಯೇ ನಿಮ್ಮ ಕನ್ನಡವನ್ನು ರೆಸ್ಯೂಮೆಯ ಕೊನೆಯ ಸಾಲಿಗೆ ತಳ್ಳಬೇಡಿ. ಮಾರ್ಚ್ 31ರಂದು ಗೋಡೌನಿನಲ್ಲಿ ಸ್ಟಾಕ್ ಎಣಿಸುವಾಗ ಸ್ಟೋರ್‌ಕೀಪರ್ ಹತ್ತಿರ ಮಾತಾಡಬೇಕಾದವರು ನೀವು. ‘ಆ ಮೂಲೆಯ ರಾಶಿ ಎರಡು ವರ್ಷದಿಂದ ಅಲ್ಲೇ ಇದೆ ಸಾರ್’ ಎಂದು ಅವರು ಹೇಳುವುದು ತಮ್ಮ ಭಾಷೆಯಲ್ಲಿ ಕೇಳಿದವರಿಗೆ ಮಾತ್ರ. ಆ ಒಂದು ಮಾತಿನಿಂದ ಹಳೆಯ ಸರಕಿನ ಬೆಲೆ ಇಳಿಸಬೇಕಾದದ್ದು ಗೊತ್ತಾಗುತ್ತದೆ; ಕಂಪ್ಯೂಟರಿನ ಪಟ್ಟಿಯಲ್ಲಿ ಅದು ಇರುವುದಿಲ್ಲ. ಸಹಕಾರ ಸಂಘಗಳ ದಾಖಲೆ, ಗ್ರಾಮ ಪಂಚಾಯಿತಿ ರಸೀದಿ, ಪಹಣಿ, ಕ್ರಯಪತ್ರ ಎಲ್ಲ ಕನ್ನಡದಲ್ಲಿವೆ. ಅವನ್ನು ಓದಬಲ್ಲವರು ಫರ್ಮಿಗೆ ಬೇಕು. ಇದನ್ನು ಇಂಟರ್‌ವ್ಯೂನಲ್ಲಿ ನೀವಾಗಿಯೇ ಹೇಳಿ.

ನೀತಿಯ ಪ್ರಶ್ನೆಗಳೂ ಬರುತ್ತವೆ. ‘ಸೀನಿಯರ್ ಬಂದು, ಟೈಮಿಲ್ಲ, ನೋಡದೇ ಟಿಕ್ ಹಾಕಿಬಿಡು ಎಂದರೆ?’ ಇದಕ್ಕೆ ವೀರಾವೇಶದ ಉತ್ತರ ಬೇಡ. ‘ಎಷ್ಟು ನೋಡಿದ್ದೇನೋ ಅಷ್ಟನ್ನೇ ವರ್ಕಿಂಗ್ ಪೇಪರಿನಲ್ಲಿ ಬರೆಯುತ್ತೇನೆ, ಉಳಿದದ್ದು ಬಾಕಿ ಎಂದು ಗುರುತು ಮಾಡುತ್ತೇನೆ’ ಎಂದರೆ ಮುಗಿಯಿತು. ಬರೆಯದ ಕೆಲಸ ಮಾಡದ ಕೆಲಸ. ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯುವುದು ಸುಳ್ಳು. ನಮ್ಮ ಪ್ರತಿ ವರದಿಗೂ ಸರ್ಟಿಫಿಕೇಟಿಗೂ ಈಗ ಹದಿನೆಂಟು ಅಂಕೆ-ಅಕ್ಷರಗಳ ಯುಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಯಾರು ಬೇಕಾದರೂ ನಮ್ಮ ಸಿ.ಎ. ಸಂಸ್ಥೆಯ ಪೋರ್ಟಲಿನಲ್ಲಿ ತಾಳೆ ನೋಡಬಹುದು. 2018ರಲ್ಲಿ ರಚನೆಯಾದ ಆಡಿಟ್ ನಿಯಂತ್ರಣ ಪ್ರಾಧಿಕಾರ ಎನ್‌ಎಫ್‌ಆರ್‌ಎ ದೊಡ್ಡ ಕಂಪನಿಗಳ ಆಡಿಟ್ ಕಡತಗಳನ್ನು ತರಿಸಿ ಓದುತ್ತದೆ. ಕೆಳಗಿನ ಹುಡುಗ ಹಾಕಿದ ಒಂದು ಟಿಕ್ ಎಷ್ಟು ದೂರ ಹೋಗುತ್ತದೆ ಎಂದು ತಿಳಿದವರು ನಮಗೆ ಬೇಕು.

ದೊಡ್ಡ ಫರ್ಮುಗಳಲ್ಲಿ ‘ಷೇರುಗಳಿವೆಯೇ?’ ಎಂದೂ ಕೇಳಬಹುದು. ನಿಮ್ಮಲ್ಲಿ ಎಷ್ಟೋ ಮಂದಿ ಕಾಲೇಜಿನಲ್ಲೇ ಡಿಮ್ಯಾಟ್ ಖಾತೆ ತೆರೆದಿರುತ್ತೀರಿ. ಇರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಆಡಿಟ್ ಮಾಡುವ ಕಂಪನಿಯಲ್ಲಿ ಆಡಿಟರಿಗೆ ಸ್ವಂತ ಲಾಭದ ಎಳೆ ಇರಬಾರದು ಎಂಬುದು ಈ ಕಸುಬಿನ ತಳಪಾಯ. ಕಂಪನಿಯ ಫಲಿತಾಂಶ ಪ್ರಕಟವಾಗುವ ಮೊದಲೇ ನಿಮಗೆ ಕಂಡ ಅಂಕಿಗಳನ್ನು ಸೋದರಮಾವನಿಗೂ ಹೇಳುವಂತಿಲ್ಲ.

ಹೋಗುವ ಮುನ್ನ ಫರ್ಮಿನ ಬಗ್ಗೆ ತಿಳಿದುಕೊಳ್ಳಿ. ವೆಬ್‌ಸೈಟಿನ ಮೊದಲ ಪುಟ ಓದಿ ಬಂದು ‘ಯುವರ್ ಫರ್ಮ್ ಈಸ್ ವೆರಿ ರೆಪ್ಯುಟೆಡ್’ ಎನ್ನುವುದು ತಿಳಿವಳಿಕೆಯಲ್ಲ. ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿ ಯಾರಿಗೆ ಬೇಕಾದರೂ ಸಿಗುತ್ತದೆ. ಫರ್ಮ್ ಅಂಥ ಕಂಪನಿಯ ಆಡಿಟ್ ಮಾಡುತ್ತಿದ್ದರೆ ಆ ವರದಿಯಲ್ಲಿ ಆಡಿಟರ್ ಬರೆದ ಪುಟಗಳನ್ನು ಓದಿ. ಅದರಲ್ಲಿ ‘ಕೀ ಆಡಿಟ್ ಮ್ಯಾಟರ್ಸ್’ ಎಂಬ ಭಾಗವಿರುತ್ತದೆ. ಯಾವುದು ಕಷ್ಟವೆನಿಸಿತು, ಅದನ್ನು ಹೇಗೆ ಪರಿಶೀಲಿಸಿದೆವು ಎಂದು ಆಡಿಟರ್ ತಾನೇ ಬಾಯಿಬಿಟ್ಟು ಹೇಳುವ ಜಾಗ ಅದು. ಇನ್ಫೋಸಿಸ್ ವರದಿಗಳನ್ನು ತೆಗೆದು ನೋಡಿ; ಹಲವು ವರ್ಷ ಅಲ್ಲಿ ಚರ್ಚೆಯಾಗಿರುವುದು ನಿಗದಿತ ಬೆಲೆಯ ಒಪ್ಪಂದಗಳಲ್ಲಿ ಕೆಲಸ ಎಷ್ಟು ಮುಗಿದಿದೆಯೆಂದು ಅಂದಾಜಿಸಿ ಆದಾಯ ತೋರಿಸುವ ಪ್ರಶ್ನೆ. ಬ್ಯಾಂಕಿನ ವರದಿ ತೆಗೆದರೆ ಸಾಲಗಳ ವರ್ಗೀಕರಣ ಸಿಗುತ್ತದೆ. ಇಂಥ ಎರಡು ವರದಿ ಓದಿ ಬಂದವರ ಜೊತೆ ಮಾತಿಗೆ ಕೂತರೆ ಇಂಟರ್‌ವ್ಯೂ ಹರಟೆಯಾಗಿ ಹೋಗುತ್ತದೆ, ಅದಕ್ಕಿಂತ ಒಳ್ಳೆಯ ಇಂಟರ್‌ವ್ಯೂ ಇಲ್ಲ.

ಉಡುಪು, ಸಮಯಪಾಲನೆ ಬಗ್ಗೆ ಉದ್ದ ಬೋಧನೆ ಬೇಡ. ಶುಭ್ರವಾದ, ನಿಮಗೆ ಅಭ್ಯಾಸವಿರುವ ಬಟ್ಟೆ ಹಾಕಿಕೊಳ್ಳಿ. ಸಾಲ ತಂದ ಕೋಟು ಬೇಡ. ಅಂಕಪಟ್ಟಿಗಳು, ತರಬೇತಿ ಪ್ರಮಾಣಪತ್ರ, ಎರಡು ಪ್ರತಿ ರೆಸ್ಯೂಮೆ ಒಂದು ಫೈಲಿನಲ್ಲಿ ಕ್ರಮವಾಗಿರಲಿ. ಕಾಗದ ಹುಡುಕುತ್ತಾ ಫೈಲ್ ಕೆಳಗೆ ಬೀಳಿಸುವ ಅಭ್ಯರ್ಥಿಯ ವರ್ಕಿಂಗ್ ಪೇಪರ್ ಹೇಗಿರಬಹುದು ಎಂದು ನಾವು ಯೋಚಿಸುವುದು ಸುಳ್ಳಲ್ಲ. ಊರಿಂದ ರಾತ್ರಿ ಬಸ್ಸಿಗೆ ಬಂದು ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನೇರ ಬರುವವರಿಗೆ ಒಂದು ಮಾತು: ಸಾಧ್ಯವಾದರೆ ಮಧ್ಯಾಹ್ನದ ಸಮಯ ಕೇಳಿ ಪಡೆಯಿರಿ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ?’ ಎಂದು ಕೇಳುತ್ತೇವೆ. ‘ನೋ ಸರ್’ ಎಂದು ಎದ್ದುಬಿಡಬೇಡಿ. ನಿಮ್ಮ ಎರಡು ವರ್ಷದ ಪ್ರಶ್ನೆ ಇದು. ಇವಿಷ್ಟನ್ನು ಕೇಳಿ: ಆಡಿಟ್, ಟ್ಯಾಕ್ಸ್, ಜಿಎಸ್‌ಟಿ ಮೂರರಲ್ಲೂ ಕೆಲಸ ಸಿಗುತ್ತದೆಯೇ, ಒಂದೇ ವಿಭಾಗದಲ್ಲಿ ಕೂರಿಸುತ್ತೀರಾ? ನನ್ನ ಕೆಲಸವನ್ನು ಓದಿ ತಿದ್ದುವವರು ಯಾರು? ಹೊರ ಊರಿಗೆ ಹೋದಾಗ ಖರ್ಚು ಹೇಗೆ? ಎರಡನೇ ವರ್ಷ ಇಂಡಸ್ಟ್ರಿಯಲ್ ಟ್ರೇನಿಂಗ್‌ಗೆ ಹೋಗಲು ಬಿಡುತ್ತೀರಾ? ಯಾವ ಪಾರ್ಟ್‌ನರ್ ಹೆಸರಿನಲ್ಲಿ ನನ್ನ ನೋಂದಣಿ, ಫಾರ್ಮ್ 103 ಯಾವಾಗ ಹಾಕುತ್ತೀರಿ? ಸ್ಟೈಪೆಂಡ್ ಎಷ್ಟು ಎಂದು ಕೇಳುವುದಕ್ಕೂ ನಾಚಬೇಡಿ. ಊರಿನ ಜನಸಂಖ್ಯೆ ನೋಡಿ ಸಂಸ್ಥೆಯೇ ಕನಿಷ್ಠ ಮೊತ್ತ ಗೊತ್ತುಮಾಡಿದೆ. ಬೆಂಗಳೂರಿನ ಪೀಜಿ ಬಾಡಿಗೆಗೆ ಅದು ಸಾಲುವುದಿಲ್ಲ ಎಂಬುದೂ ನಿಜ, ಆದ್ದರಿಂದ ಮನೆಯವರ ಜೊತೆ ಕೂತು ಲೆಕ್ಕ ಹಾಕಿಯೇ ಬನ್ನಿ.

ನಾವು ಹೇಳಬಾರದ, ಆದರೆ ಹೇಳಲೇಬೇಕಾದ ಕೆಲವು ಮಾತು. ಆರ್ಟಿಕಲ್ ಆಗಿ ಸೇರಿಸಿಕೊಳ್ಳಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಪ್ರೀಮಿಯಂ ಪಡೆಯುವುದನ್ನು ನಮ್ಮ ನಿಯಮಾವಳಿಯೇ ನಿಷೇಧಿಸಿದೆ. ‘ಹೆಸರು ಮಾತ್ರ ಇಲ್ಲಿರಲಿ, ನೀವು ಮನೆಯಲ್ಲಿ ಕೂತು ಓದಿಕೊಳ್ಳಿ, ಸ್ಟೈಪೆಂಡ್ ಕಾಗದದ ಮೇಲೆ ತೋರಿಸಿಕೊಳ್ಳೋಣ’ ಎಂಬ ಡಮ್ಮಿ ಆರ್ಟಿಕಲ್‌ಶಿಪ್ ಕರೆಯೂ ಬರುತ್ತದೆ, ಅದೂ ಫೈನಲ್ ಬೇಗ ಮುಗಿಸುವ ಆತುರದಲ್ಲಿರುವ ಜಾಣ ಮಕ್ಕಳಿಗೇ ಹೆಚ್ಚು. ಸಿಕ್ಕಿಬಿದ್ದರೆ ಕ್ರಮವಾಗುತ್ತದೆ ಎಂಬುದು ಹಾಗಿರಲಿ. ಸಿಕ್ಕಿಬೀಳದೇ ಇದ್ದರೂ, ಸಹಿ ಹಾಕುವ ಹಕ್ಕು ಕೈಗೆ ಬಂದ ದಿನ ನಿಮಗೆ ಒಂದು ಬಿಲ್ ನೋಡಲು ಬರುವುದಿಲ್ಲ. ಅಂಥವರು ಕೆಲಸದ ಇಂಟರ್‌ವ್ಯೂಗೆ ಬಂದಾಗ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ದೊಡ್ಡ ಬೋರ್ಡಿನ ಫರ್ಮೋ ಸಣ್ಣದೋ ಎಂಬ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ದೊಡ್ಡ ಕಡೆ ಕ್ರಮಬದ್ಧ ತರಬೇತಿ, ದೊಡ್ಡ ಕಂಪನಿಗಳ ಲೆಕ್ಕ, ರೆಸ್ಯೂಮೆಗೆ ತೂಕ. ಆದರೆ ಎರಡು ವರ್ಷ ಒಂದೇ ಬಗೆಯ ಕೆಲಸದಲ್ಲಿ ಕಳೆಯುವ ಸಾಧ್ಯತೆಯೂ ಇದೆ. ಹುಬ್ಬಳ್ಳಿಯ, ಮಂಗಳೂರಿನ, ಮೈಸೂರಿನ ಹತ್ತು ಜನರ ಫರ್ಮಿನಲ್ಲಿ ಅಕೌಂಟ್ಸ್‌ನಿಂದ ಅಸೆಸ್‌ಮೆಂಟ್ ವಿಚಾರಣೆಯವರೆಗೆ ಎಲ್ಲಕ್ಕೂ ಕೈ ಹಾಕುತ್ತೀರಿ, ಪಾರ್ಟ್‌ನರ್ ಪಕ್ಕದಲ್ಲೇ ಕೂತು ಕಲಿಯುತ್ತೀರಿ, ಮನೆ ಊಟ ಉಳಿಯುತ್ತದೆ. ಹಾಗೆ ಕಲಿತು ಬಂದವರು ನಮ್ಮಲ್ಲಿ ಮ್ಯಾನೇಜರುಗಳಾಗಿದ್ದಾರೆ. ಎಲ್ಲಿಗೆ ಹೋದರೂ ಒಂದನ್ನು ವಿಚಾರಿಸಿ: ಅಲ್ಲಿ ಈಗಿರುವ ಆರ್ಟಿಕಲ್‌ಗಳಲ್ಲಿ ಇಬ್ಬರನ್ನು ಹುಡುಕಿ ಮಾತಾಡಿಸಿ, ಕಳೆದ ತಿಂಗಳು ಏನು ಕೆಲಸ ಮಾಡಿದಿರಿ ಎಂದು ಕೇಳಿ. ಅವರು ಕೊಡುವ ಉತ್ತರ ನಮ್ಮ ವೆಬ್‌ಸೈಟಿಗಿಂತ ನಂಬಿಕೆಗೆ ಅರ್ಹ.

ಒಂದೆರಡು ಕಡೆ ‘ತಿಳಿಸುತ್ತೇವೆ’ ಎಂದು ಹೇಳಿ ತಿಳಿಸದೇ ಇರುತ್ತಾರೆ. ವಾರ ಬಿಟ್ಟು ಒಂದು ಮೇಲ್ ಹಾಕಿ, ಉತ್ತರ ಬಾರದಿದ್ದರೆ ಮುಂದಕ್ಕೆ ಹೋಗಿ. ಆ ಹೊತ್ತಿಗೆ ಆ ಫರ್ಮಿನಲ್ಲಿ ಖಾಲಿ ಜಾಗವೇ ಇರಲಿಲ್ಲವೇನೋ. ಒಬ್ಬ ಪಾರ್ಟ್‌ನರ್ ಎಷ್ಟು ಆರ್ಟಿಕಲ್‌ಗಳನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿ ಇದೆ. ಪ್ರತಿ ಇಂಟರ್‌ವ್ಯೂ ಮುಗಿದ ಸಂಜೆ, ಕೇಳಿದ ಪ್ರಶ್ನೆಗಳನ್ನೂ ನೀವು ಕೊಟ್ಟ ಉತ್ತರಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಗೊತ್ತಿಲ್ಲವೆಂದದ್ದನ್ನು ಅಂದೇ ಹುಡುಕಿ ಓದಿ. ನಾಲ್ಕನೇ ಇಂಟರ್‌ವ್ಯೂ ಹೊತ್ತಿಗೆ ನಿಮ್ಮಲ್ಲಿರುವುದು ಯಾವ ಗೈಡಿನಲ್ಲೂ ಇಲ್ಲದ, ನಿಮ್ಮದೇ ತಯಾರಿ. ಅದನ್ನು ನಿಮ್ಮ ಜೂನಿಯರ್‌ಗಳಿಗೂ ಕೊಡಿ.

ಎಲ್ಲರಿಗೂ ಒಳ್ಳೆಯ ಪ್ರಿನ್ಸಿಪಾಲ್ ಸಿಗಲಿ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಚಾರ್ಟರ್ಡ್ ಅಕೌಂಟೆಂಟ್